ಜೊಲ್ಲು: ಒಣಗಿದರೂ ಕಷ್ಟ, ಸುರಿದರೂ ಕಷ್ಟ

ಮಕ್ಕಳೇ, ಈ ಸಲ ಪ್ರಶ್ನೆ ಪೆಟ್ಟಿಗೆಯಲ್ಲಿ ಎರಡು ಚೀಟಿ ಸಿಕ್ಕಿವೆ. ಒಂದರಲ್ಲಿ, "ನಮ್ಮ ಅಜ್ಜಿಗೆ ಯಾವಾಗ್ಲೂ ಬಾಯಿ ಒಣಗತೈತಿ, ರೊಟ್ಟಿ ನುಂಗಾಕ ಆಗಂಗಿಲ್ಲ ಅಂತಾಳ. ವಯಸ್ಸಾದ ಮ್ಯಾಲೆ ಎಲ್ಲಾರಿಗೂ ಹಿಂಗ ಆಗತೈತೇನು?" ಎಂದು ಬರೆದಿದೆ. ಇನ್ನೊಂದರಲ್ಲಿ, "ಕೆಲವರು ದೊಡ್ಡವರಾದರೂ ಯಾಕ ಜೊಲ್ಲು ಸುರಸ್ತಾರ? ಅವರಿಗೆ ಬುದ್ಧಿ ಇರಂಗಿಲ್ಲೇನು?" ಎಂದಿದೆ. ಎರಡಕ್ಕೂ ಹೆಸರಿಲ್ಲ, ಇರಲಿ. ಪ್ರಶ್ನೆ ಎರಡೂ ಒಳ್ಳೆಯವೇ. ಎರಡನೆಯದನ್ನು ಕೇಳಿದ ರೀತಿ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಾಯಿಯಲ್ಲಿ ಊರುವ ನೀರಿಗೆ ನಮ್ಮಲ್ಲಿ ಹೆಸರು ಬಹಳ. ಮಗುವಿನ ಬಾಯಿಂದ ಇಳಿದರೆ ಜೊಲ್ಲು, ನೆಲಕ್ಕೆ ಬಿದ್ದರೆ ಉಗುಳು, ತಟ್ಟೆಗೆ ತಾಗಿದರೆ ಎಂಜಲು. ಪಾಠಪುಸ್ತಕದಲ್ಲಿ ಇದನ್ನೇ ಲಾಲಾರಸ ಅಂತಾರೆ. ಹೊರಗೆ ಬಂದ ಕೂಡಲೇ ನಮಗೆ ಅಸಹ್ಯ. ಒಳಗೆ ಇರುವಷ್ಟು ಹೊತ್ತು ಅದಿಲ್ಲದೆ ಒಂದು ತುತ್ತೂ ಗಂಟಲಲ್ಲಿ ಇಳಿಯುವುದಿಲ್ಲ.

ಇದು ಹುಟ್ಟುವುದು ಗ್ರಂಥಿಗಳಲ್ಲಿ. ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ಒಂದು ಜೊತೆ ಕಿವಿಯ ಮುಂದೆ ಕೆನ್ನೆಯೊಳಗೆ, ಒಂದು ಜೊತೆ ದವಡೆಯ ಕೆಳಗೆ, ಇನ್ನೊಂದು ಜೊತೆ ನಾಲಿಗೆಯ ಅಡಿಯಲ್ಲಿ. ಇವಲ್ಲದೆ ತುಟಿ, ಕೆನ್ನೆ, ಅಂಗಳಗಳ ಒಳಚರ್ಮದಲ್ಲಿ ನೂರಾರು ಸಣ್ಣ ಗ್ರಂಥಿಗಳಿವೆ. ಎಲ್ಲಾ ಸೇರಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ರಸ ಸುರಿಸುತ್ತವೆ. ನಮಗೆ ಗೊತ್ತಾಗದ ಹಾಗೆ ಅದನ್ನೆಲ್ಲಾ ನುಂಗಿಬಿಡುತ್ತೇವೆ. ನಿದ್ದೆಯಲ್ಲಿ ಮಾತ್ರ ಇದು ಬಹಳ ಕಡಿಮೆ. ಬೆಳಿಗ್ಗೆ ಎದ್ದಾಗ ಎಲ್ಲರ ಬಾಯಿಯೂ ನಾರುವುದಕ್ಕೆ ಅದೇ ಕಾರಣ.

ಲಾಲಾರಸದಲ್ಲಿ 100ಕ್ಕೆ 99 ಪಾಲು ನೀರು. ಉಳಿದ ಒಂದು ಪಾಲಿನಲ್ಲೇ ಎಲ್ಲಾ ಕಸುಬು ಇದೆ. ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಿಹಿಯಾಗಿಸುತ್ತದೆ. ಲೈಸೋಜೈಮ್ ಎಂಬುದು ಕೆಲವು ರೋಗಾಣುಗಳನ್ನು ಕೊಲ್ಲುತ್ತದೆ. ಬೈಕಾರ್ಬೊನೇಟ್ ಹುಳಿಯನ್ನು ಮುರಿಯುತ್ತದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸವೆದ ಹಲ್ಲಿಗೆ ಮತ್ತೆ ಮೆತ್ತಿಕೊಳ್ಳುತ್ತವೆ. ಅಂದರೆ ಇದು ಹಗಲೆಲ್ಲಾ ಹಲ್ಲನ್ನು ತೊಳೆಯುವ ನೀರೂ ಹೌದು, ರಿಪೇರಿ ಮಾಡುವ ಗಾರೆಯೂ ಹೌದು.

ಮಾಡಿ ನೋಡಿ: ಒಂದು ಚೂರು ರೊಟ್ಟಿಯನ್ನು ನುಂಗದೆ ಎರಡು ನಿಮಿಷ ಅಗಿಯಿರಿ, ಸಿಹಿ ಹತ್ತುತ್ತದೆ. ಇನ್ನೊಂದು: ನಾಲಿಗೆ ಹೊರಚಾಚಿ ಸ್ವಚ್ಛ ಬಟ್ಟೆಯಿಂದ ಚೆನ್ನಾಗಿ ಒರೆಸಿ ಅದರ ಮೇಲೆ ನಾಲ್ಕು ಕಾಳು ಸಕ್ಕರೆ ಇಡಿ. ಬಾಯಿ ಮುಚ್ಚುವವರೆಗೆ ರುಚಿ ಸರಿಯಾಗಿ ತಿಳಿಯುವುದಿಲ್ಲ. ಕರಗಿದ್ದಕ್ಕೆ ಮಾತ್ರ ರುಚಿ. ಬಾಯಿ ಒಣಗಿದ ಮುದುಕರು "ಸೊಸೆ ಅಡಿಗೆಗೆ ಉಪ್ಪೇ ಹಾಕಂಗಿಲ್ಲ" ಎಂದು ಗೊಣಗಿದರೆ, ತಪ್ಪು ಸೊಸೆಯದೂ ಅಲ್ಲ, ಉಪ್ಪಿನದೂ ಅಲ್ಲ.

ಈ ಗ್ರಂಥಿಗಳನ್ನು ಆಳುವುದು ನರಗಳು. ಹುಣಸೆಹಣ್ಣು ಎಂದು ಓದಿದ ಕೂಡಲೇ ಈಗ ನಿಮ್ಮ ಬಾಯಲ್ಲಿ ನೀರು ಬಂತಲ್ಲ? ಹಣ್ಣು ಬಾಯಿಗೆ ಬಂದಿಲ್ಲ, ಸುದ್ದಿ ಮಾತ್ರ ಬಂದಿದೆ. ರಷ್ಯಾದ ಇವಾನ್ ಪಾವ್ಲೋವ್ ಎಂಬ ವಿಜ್ಞಾನಿ ನಾಯಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಜೀರ್ಣಕ್ರಿಯೆಯ ಬಗ್ಗೆ ಅವರು ಮಾಡಿದ ಕೆಲಸಕ್ಕೆ 1904ರಲ್ಲಿ ನೊಬೆಲ್ ಬಹುಮಾನ ಬಂತು. ಹೆದರಿದಾಗ ಇದಕ್ಕೆ ಉಲ್ಟಾ ಆಗುತ್ತದೆ, ಬಾಯಿ ಒಣಗುತ್ತದೆ. ಹಿಂದಿನ ಕಾಲದ ಧರ್ಮಶಾಸ್ತ್ರಗಳಲ್ಲಿ ತಂಡುಲ ದಿವ್ಯ ಎಂಬ ಪರೀಕ್ಷೆ ಇತ್ತು. ಕಳವಿನ ಅನುಮಾನ ಇದ್ದವನಿಗೆ ಅಕ್ಕಿ ಅಗಿಯಲು ಕೊಡುತ್ತಿದ್ದರು. ಬಾಯಿ ಒಣಗಿದ್ದರೆ, ಉಗುಳಿದ ಅಕ್ಕಿಯಲ್ಲಿ ರಕ್ತ ಕಂಡರೆ ಅವನೇ ಕಳ್ಳ. ಪಾಪ, ಕದಿಯದೇ ಇದ್ದವನ ಬಾಯಿಯೂ ಹೆದರಿಕೆಗೆ ಒಣಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಕಾಣುವುದಿಲ್ಲ.

ಹೆದರಿಕೆಯ ಒಣಗು ಸ್ವಲ್ಪ ಹೊತ್ತಿನದು. ದಿನಗಟ್ಟಲೆ, ತಿಂಗಳುಗಟ್ಟಲೆ ಒಣಗಿದರೆ ಅದು ಬೇರೆ. ಈಗ ಅಜ್ಜಿಯ ಪ್ರಶ್ನೆಗೆ ಬರೋಣ.

"ವಯಸ್ಸಾತು, ಅದಕ್ಕ ಹಿಂಗ" ಎಂದು ಮನೆಯಲ್ಲಿ ಸುಮ್ಮನಾಗುತ್ತಾರೆ. ಅದು ಪೂರ್ತಿ ಸರಿಯಲ್ಲ. ಬರೀ ವಯಸ್ಸಿನಿಂದ ಬಾಯಿ ಇಷ್ಟು ಬತ್ತುವುದು ಕಡಿಮೆ. ವಯಸ್ಸಿನ ಜೊತೆ ಬರುವ ಗುಳಿಗೆಗಳಿಂದ ಬತ್ತುವುದೇ ಹೆಚ್ಚು. ನೆಗಡಿ ಮತ್ತು ತುರಿಕೆಗೆ ಕೊಡುವ ಗುಳಿಗೆ, ಮೂತ್ರ ಹೆಚ್ಚು ಮಾಡುವ ಬಿ.ಪಿ. ಗುಳಿಗೆ, ನಿದ್ದೆ ಮತ್ತು ಮನಸ್ಸಿನ ಕಾಯಿಲೆಯ ಕೆಲವು ಗುಳಿಗೆ, ಕೈ ನಡುಗುವ ರೋಗದ ಕೆಲವು ಗುಳಿಗೆ, ಹೀಗೆ ಬಾಯಿ ಒಣಗಿಸುವ ಔಷಧಿಗಳು ನೂರಾರಿವೆ. ಒಂದೊಂದು ಸ್ವಲ್ಪ ಒಣಗಿಸಿದರೂ ನಾಲ್ಕೈದು ಕೂಡಿದರೆ ಬಾಯಿ ಬೇಸಿಗೆಯ ಕೆರೆಯಂತಾಗುತ್ತದೆ. ಎರಡನೆಯ ದೊಡ್ಡ ಕಾರಣ ಸಕ್ಕರೆ ಕಾಯಿಲೆ. ಸಕ್ಕರೆ ಏರಿದಾಗ ಮೈಯ ನೀರು ಮೂತ್ರದಲ್ಲಿ ಹೋಗುತ್ತದೆ, ಬಾಯಿ ಆರುತ್ತದೆ. ಎಷ್ಟೋ ಜನರಿಗೆ ಕಾಯಿಲೆ ಗೊತ್ತಾಗುವುದೇ ಹೀಗೆ. ಆದ್ದರಿಂದ ಬಾಯಿ ಒಣಗುವ ದೊಡ್ಡವರಿಗೆ ಮೊದಲು ಮಾಡಿಸಬೇಕಾದದ್ದು ರಕ್ತದ ಸಕ್ಕರೆ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ.

ಇನ್ನೊಂದು ಕಾಯಿಲೆಯ ಹೆಸರು ಕೇಳಿದವರು ಕಡಿಮೆ. 1933ರಲ್ಲಿ ಸ್ವೀಡನ್ ದೇಶದ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ಎಂಬವರು, ಕಣ್ಣೂ ಒಣಗಿ ಬಾಯಿಯೂ ಒಣಗಿದ 19 ಹೆಂಗಸರ ವಿಷಯ ಬರೆದರು. ಮೈಯ ರಕ್ಷಣಾ ಪಡೆಯೇ ದಾರಿ ತಪ್ಪಿ ಸ್ವಂತ ಗ್ರಂಥಿಗಳ ಮೇಲೆ ಬೀಳುವ ರೋಗ ಅದು. ಅವರ ಹೆಸರೇ ರೋಗಕ್ಕೆ ಉಳಿದಿದೆ. ಇದು ಬರುವ 10 ಜನರಲ್ಲಿ ಸುಮಾರು 9 ಜನ ಹೆಂಗಸರು. ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತಿದ್ದು, ಬಾಯಿಯೂ ಒಣಗುತ್ತಿದ್ದು, ಕೀಲು ನೋವೂ ಇದ್ದರೆ ವೈದ್ಯರಿಗೆ ಮೂರನ್ನೂ ಒಟ್ಟಿಗೇ ಹೇಳಬೇಕು. ಕಣ್ಣಿನವರಿಗೆ ಕಣ್ಣಿನದು, ಹಲ್ಲಿನವರಿಗೆ ಹಲ್ಲಿನದು ಅಂತ ಬಿಡಿಬಿಡಿಯಾಗಿ ಹೇಳಿದರೆ ರೋಗ ಸಿಕ್ಕುವುದು ತಡ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ಕರೆಂಟು ಕೊಡಿಸಿಕೊಂಡು ಬಂದವರನ್ನು ನೀವು ನೋಡಿರಬಹುದು. ವಿಕಿರಣ ಚಿಕಿತ್ಸೆಗೆ ಹಳ್ಳಿಯಲ್ಲಿ ಹಾಗೆ ಅಂತಾರೆ. ಆ ಕಿರಣ ಗಂಟಿನ ಜೊತೆ ಪಕ್ಕದ ಲಾಲಾಗ್ರಂಥಿಗಳನ್ನೂ ಸುಡುತ್ತದೆ. ಅವರು ಸದಾ ನೀರಿನ ಬಾಟಲಿ ಹಿಡಿದಿರುವುದು ಅದಕ್ಕೇ. ಈಗಿನ ಹೊಸ ಯಂತ್ರಗಳಲ್ಲಿ ಕೆನ್ನೆಯ ಗ್ರಂಥಿಯನ್ನು ಆದಷ್ಟು ತಪ್ಪಿಸಿ ಕಿರಣ ಬಿಡುವ ವಿಧಾನ ಬಂದಿದೆ. ಎಲ್ಲರಿಗೂ ಆಗುವುದಿಲ್ಲ, ಗಂಟು ಇರುವ ಜಾಗದ ಮೇಲೆ ಹೋಗುತ್ತದೆ.

ಬಾಯಿ ಒಣಗಿದರೆ ಏನು ಮಹಾ, ನೀರು ಕುಡಿದರಾಯಿತು ಅನ್ನಬೇಡಿ. ಕಾವಲುಗಾರ ಇಲ್ಲದ ತೋಟದಂತೆ ಹಲ್ಲುಗಳು ಒಂದೊಂದಾಗಿ ಬುಡದಲ್ಲಿ ಹುಳುಕಾಗುತ್ತವೆ. ನಾಲಿಗೆ ಬಿರುಕು ಬಿಡುತ್ತದೆ, ಖಾರ ಸೇರುವುದಿಲ್ಲ. ಬಾಯಲ್ಲಿ ಬಿಳಿ ಬೂಷ್ಟು ಬೆಳೆಯುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟು ನಿಲ್ಲುವುದಿಲ್ಲ. ಕಡೆಗೆ ಊಟವೇ ಬೇಡವಾಗಿ ಮನುಷ್ಯ ಸೊರಗುತ್ತಾನೆ.

ನಿಜವಾಗಿ ಕಡಿಮೆ ಇದೆಯೋ ಹೇಗೆ ನೋಡುವುದು? ದಂತವೈದ್ಯರು ಮಾಡುವ ಪರೀಕ್ಷೆ ಬಹಳ ಸರಳ. ಊಟವಾಗಿ ಒಂದು ತಾಸಿನ ಮೇಲೆ ಸುಮ್ಮನೆ ಕುಳಿತು, ಏನೂ ಅಗಿಯದೆ, ಬಾಯಲ್ಲಿ ಬಂದದ್ದನ್ನೆಲ್ಲಾ ಒಂದು ಲೋಟಕ್ಕೆ ಬಿಡುವುದು. ಸಾಮಾನ್ಯವಾಗಿ ನಿಮಿಷಕ್ಕೆ 0.3 ಮಿಲಿ ಲೀಟರಿನಷ್ಟು ಬರುತ್ತದೆ. 0.1 ಮಿಲಿ ಲೀಟರಿಗಿಂತ ಕಡಿಮೆ ಇದ್ದರೆ ಬತ್ತಿದೆ ಎಂದೇ ಲೆಕ್ಕ. 5 ನಿಮಿಷ ಕುಳಿತರೂ ಅರ್ಧ ಮಿಲಿ ಲೀಟರ್ ಕೂಡುವುದಿಲ್ಲ ಅಂದರೆ, ಸಿರಪ್ಪಿನ ಬಾಟಲಿ ಜೊತೆ ಬರುವ 5 ಮಿಲಿ ಲೀಟರಿನ ಮುಚ್ಚಳದ ತಳವೂ ಸರಿಯಾಗಿ ನೆನೆಯುವುದಿಲ್ಲ.

ಔಷಧಿ ಏನು? ಮೊದಲು ಅಜ್ಜಿಯ ಎಲ್ಲಾ ಗುಳಿಗೆಗಳನ್ನು, ಹಳೆಯ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಬೇಕು. ಅವರು ಒಂದನ್ನು ಬದಲಿಸಬಹುದು, ಇನ್ನೊಂದರ ಹೊತ್ತು ಬದಲಿಸಬಹುದು, ಬೇಡವಾದದ್ದನ್ನು ತೆಗೆಯಬಹುದು. ನಾವಾಗಿಯೇ ಗುಳಿಗೆ ನಿಲ್ಲಿಸಬಾರದು. ಬಾಯಿ ಒದ್ದೆಯಾಯಿತೆಂದು ಖುಷಿಪಡುವಷ್ಟರಲ್ಲಿ ಬಿ.ಪಿ. ಏರಿ ಲಕ್ವ ಹೊಡೆದರೆ ಏನು ಮಾಡುವುದು? ಮನೆಯಲ್ಲಿ ಮಾಡುವುದೂ ಇದೆ. ಒಮ್ಮೆಗೇ ತಂಬಿಗೆ ನೀರು ಕುಡಿಯುವುದಕ್ಕಿಂತ ಗುಟುಕು ಗುಟುಕಾಗಿ ಆಗಾಗ ಕುಡಿಯುವುದು ಒಳ್ಳೆಯದು. ರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸಿ ಕೊಡಿ. ಅಂಬಲಿ, ಮಜ್ಜಿಗೆ ಸಲೀಸಾಗಿ ಇಳಿಯುತ್ತವೆ. ತಂಬಾಕು, ಕಡ್ಡಿಪುಡಿ ಬಿಡಬೇಕು. ಚಹಾ ಕಡಿಮೆ ಮಾಡಬೇಕು. ಫ್ಲೋರೈಡ್ ಇರುವ ಪೇಸ್ಟಿನಲ್ಲಿ ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕು. ಬಾಯಿ ಒಣಗುತ್ತದೆಂದು ದಿನವಿಡೀ ಪೆಪ್ಪರಮೆಂಟು ಚೀಪುವ ಅಜ್ಜ-ಅಜ್ಜಿಯರಿದ್ದಾರೆ, ಅವರಿಗೆ ಅಕ್ಕರೆಯಿಂದ ತಂದುಕೊಡುವ ಮೊಮ್ಮಕ್ಕಳೂ ಇದ್ದಾರೆ. ಒಣಬಾಯಿಗೆ ಸಕ್ಕರೆ ಬಿದ್ದರೆ ಹಲ್ಲು ಬೇಗ ಹೋಗುತ್ತದೆ. ನಿಂಬೆಹುಳಿಯೂ ಹಾಗೇ, ನೀರು ತರಿಸುತ್ತದೆ ನಿಜ, ಆದರೆ ಪದೇ ಪದೇ ಚೀಪಿದರೆ ಹಲ್ಲು ಸವೆಸುತ್ತದೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಪೇಟೆಯಲ್ಲಿ ಸಿಗುತ್ತದೆ, ಹಲ್ಲಿದ್ದವರಿಗೆ ಅದು ಒಳ್ಳೆಯದು.

ಇಲ್ಲಿ ಅಡಿಕೆಯ ಮಾತು ಬರಲೇಬೇಕು. "ಎಲೆಅಡಿಕೆ ಹಾಕಿದರೆ ಬಾಯಿ ತಂಪಿರ್ತೈತಿ" ಅಂತಾರೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ವಸ್ತು ಗ್ರಂಥಿಗಳನ್ನು ಕೆಣಕಿ ರಸ ತರಿಸುವುದು ನಿಜ. ಆದರೆ ವರ್ಷಾನುಗಟ್ಟಲೆ ಅಗಿದರೆ ಕೆನ್ನೆಯ ಒಳಚರ್ಮ ತೊಗಲಿನಂತೆ ಬಿಗಿದು ಮೂರು ಬೆರಳು ಹೋಗುವಷ್ಟೂ ಬಾಯಿ ತೆರೆಯುವುದಿಲ್ಲ. ಕ್ಯಾನ್ಸರಿಗೂ ಅದೇ ದಾರಿ. ಗುಟ್ಕಾ ಚೀಟಿ ಜೇಬಿನಲ್ಲಿಟ್ಟುಕೊಂಡು ಬರುವ ದೊಡ್ಡ ತರಗತಿಯವರು ಈ ಸಾಲನ್ನು ಎರಡು ಸಲ ಓದಿದರೆ ಒಳ್ಳೆಯದು.

ಇಷ್ಟಕ್ಕೂ ಸಾಲದಿದ್ದರೆ ವೈದ್ಯರು ಕೃತಕ ಲಾಲಾರಸ ಬರೆದುಕೊಡುತ್ತಾರೆ, ಬಾಯಿಗೆ ಸಿಂಪಡಿಸಿಕೊಳ್ಳುವಂಥದ್ದು. ರಸ ತರಿಸುವ ಗುಳಿಗೆಯೂ ಇದೆ, ಪೈಲೋಕಾರ್ಪಿನ್ ಅಂತ. ಬ್ರೆಜಿಲ್ ದೇಶದ ಜಬೊರಾಂಡಿ ಎಂಬ ಗಿಡದ ಎಲೆಯಿಂದ 1875ರಲ್ಲಿ ಇದನ್ನು ಬೇರ್ಪಡಿಸಿದರು. ಎಲೆ ಅಗಿದರೆ ಜೊಲ್ಲು ಸುರಿಯುತ್ತದೆ ಎಂಬುದು ಅಲ್ಲಿಯ ಮೂಲ ಜನರಿಗೆ ಮೊದಲೇ ಗೊತ್ತಿತ್ತು. ಕ್ಯಾನ್ಸರ್ ಕಿರಣದಿಂದ ಬಾಯಿ ಒಣಗಿದವರಿಗೆ ಇದನ್ನು ಕೊಡಲು ಅಮೇರಿಕದಲ್ಲಿ 1994ರಲ್ಲಿ ಒಪ್ಪಿಗೆ ಸಿಕ್ಕಿತು. ದಮ್ಮು ಇದ್ದವರಿಗೆ, ಕೆಲವು ಕಣ್ಣಿನ ಕಾಯಿಲೆ ಇದ್ದವರಿಗೆ ಆಗುವುದಿಲ್ಲ. ಗ್ರಂಥಿಯಲ್ಲಿ ಸ್ವಲ್ಪವಾದರೂ ಜೀವ ಉಳಿದಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಪೂರ್ತಿ ಸುಟ್ಟಿದ್ದರೆ ಇಲ್ಲ.

ಈಗ ಎರಡನೆಯ ಚೀಟಿ. ಹಲ್ಲು ಬರುವ ಕೂಸು ಜೊಲ್ಲು ಸುರಿಸುವುದು ಸಹಜ, ಒಂದೂವರೆ ಎರಡು ವರ್ಷಕ್ಕೆ ನಿಲ್ಲುತ್ತದೆ. ದೊಡ್ಡವರಾದ ಮೇಲೂ ಸುರಿದರೆ ಅವರ ಬಾಯಲ್ಲಿ ರಸ ಹೆಚ್ಚು ಹುಟ್ಟುತ್ತಿದೆ ಅಂತ ತಿಳಿಯುತ್ತೇವೆ. ಹೆಚ್ಚಿನವರಲ್ಲಿ ಹಾಗಲ್ಲ. ನಮ್ಮಷ್ಟೇ ಹುಟ್ಟುತ್ತದೆ. ನಾವು ನೂರಾರು ಸಲ ಗೊತ್ತಿಲ್ಲದೆ ನುಂಗುತ್ತೇವೆ, ಅವರಿಗೆ ನುಂಗುವುದು ಕಷ್ಟ. ತುಟಿ ಬಿಗಿಯಾಗಿ ಮುಚ್ಚುವುದು, ನಾಲಿಗೆ ಹಿಂದಕ್ಕೆ ತಳ್ಳುವುದು, ತಲೆ ನೆಟ್ಟಗೆ ಹಿಡಿಯುವುದು, ಇದಕ್ಕೆಲ್ಲಾ ಮೆದುಳಿನಿಂದ ಸ್ನಾಯುಗಳಿಗೆ ಸರಿಯಾಗಿ ಆಜ್ಞೆ ಹೋಗಬೇಕು. ಹುಟ್ಟುವಾಗ ಅಥವಾ ಅದರ ಮೊದಲು ಮೆದುಳಿಗೆ ಪೆಟ್ಟಾದರೆ ಸೆರೆಬ್ರಲ್ ಪಾಲ್ಸಿ ಎಂಬ ತೊಂದರೆ ಬರುತ್ತದೆ. ಅಂಥ ಮಕ್ಕಳಲ್ಲಿ ಈ ಆಜ್ಞೆ ತಡವರಿಸುತ್ತದೆ. ಪಾರ್ಕಿನ್ಸನ್ ಬಂದ ಮುದುಕರಿಗೂ, ಲಕ್ವ ಹೊಡೆದವರಿಗೂ ಹೀಗೇ. ಬುದ್ಧಿ ಬೇರೆ, ತುಟಿಯ ಸ್ನಾಯು ಬೇರೆ. ಅಂಥ ಮಕ್ಕಳಲ್ಲಿ ಗಣಿತದಲ್ಲಿ ನಿಮ್ಮನ್ನು ಮೀರಿಸುವವರಿರುತ್ತಾರೆ. ಅಣಕಿಸಿದ್ದು ಅವರಿಗೆ ಪೂರ್ತಿ ಅರ್ಥವಾಗುತ್ತದೆ, ತಿರುಗಿ ಬಯ್ಯಲು ನಾಲಿಗೆ ಹೊರಳುವುದಿಲ್ಲ ಅಷ್ಟೇ. ಚೀಟಿ ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಯಾಕೆ ಹಿಡಿಸಲಿಲ್ಲ ಅಂದೆನಲ್ಲ, ಇದಕ್ಕೇ.

ಇದಕ್ಕೂ ಚಿಕಿತ್ಸೆ ಇದೆ. ನೆಟ್ಟಗೆ ಕೂರುವ ಕುರ್ಚಿ, ತುಟಿ ಮುಚ್ಚುವ ಮತ್ತು ನುಂಗುವ ವ್ಯಾಯಾಮ, ಇವು ಮೊದಲು. ಕಲಿಸುವವರು ವಾಕ್ ತಜ್ಞರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ಜೊತೆಗೆ ನುಂಗುವ ತೊಂದರೆಯನ್ನೂ ನೋಡುತ್ತಾರೆ. ಸಾಲದಿದ್ದರೆ ರಸ ಕಡಿಮೆ ಮಾಡುವ ಗ್ಲೈಕೋಪೈರೊಲೇಟ್ ಔಷಧಿ, ಗ್ರಂಥಿಗೆ ಕೆಲವು ತಿಂಗಳಿಗೊಮ್ಮೆ ಕೊಡುವ ಬೊಟುಲಿನಮ್ ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆ. ಬರೀ ರಾತ್ರಿ ದಿಂಬು ಒದ್ದೆಯಾಗುತ್ತದೆ, ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆ ಎಂದಾದರೆ ಮೂಗು ಕಟ್ಟಿರಬಹುದು, ಮೂಗಿನ ಹಿಂದೆ ಗಡ್ಡೆ ಬೆಳೆದಿರಬಹುದು. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿದರೆ ಸರಿಹೋಗುತ್ತದೆ.

ನಿಜವಾಗಿಯೂ ರಸ ಉಕ್ಕಿ ಹರಿಯುವುದು ಒಂದು ಸಂದರ್ಭದಲ್ಲಿ. ಅದು ನಮ್ಮ ಹೊಲದ ವಿಷಯ, ಅಪ್ಪ-ಅವ್ವನಿಗೂ ಓದಿ ಹೇಳಿ.

ಬೆಳೆಗೆ ಹೊಡೆಯುವ ಎಣ್ಣೆಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ಒಂದು ಜಾತಿ ಇದೆ. ಕ್ಲೋರ್‌ಪೈರಿಫಾಸ್ ಈ ಜಾತಿಯದು. ನರವು ಗ್ರಂಥಿಗೆ "ರಸ ಬಿಡು" ಎಂದು ಹೇಳಲು ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಕಳಿಸುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಅಳಿಸಿಹಾಕಲು ಒಂದು ಕಿಣ್ವ ಇದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಜ್ಞೆ ಅಳಿಯುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲಾ ಬೆವರು, ವಾಂತಿ, ಭೇದಿ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದು. ಕೊನೆಗೆ ಎದೆಯಲ್ಲೂ ನೀರು ತುಂಬಿ ಉಸಿರು ಕಟ್ಟುತ್ತದೆ. ಔಷಧಿ ಹೊಡೆದು ಬಂದವರಿಗೆ ಹೀಗಾದರೆ "ಬಿಸಿಲು ತಾಗಿದೆ, ಮಜ್ಜಿಗೆ ಕೊಡಿ" ಎಂದು ಕೂರಬಾರದು. ಬಟ್ಟೆ ಬಿಚ್ಚಿಸಿ, ನಿಮ್ಮ ಕೈಗೆ ತಾಗದಂತೆ ಸಾಬೂನಿನಿಂದ ಮೈ ತೊಳೆಸಿ, ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನು ಮಾಡಿ. ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಆಸ್ಪತ್ರೆಯಲ್ಲಿ ಅಟ್ರೊಪಿನ್ ಚುಚ್ಚುಮದ್ದನ್ನು ಎದೆಯ ನೀರು ಆರುವವರೆಗೆ ಮತ್ತೆ ಮತ್ತೆ ಕೊಡುತ್ತಾರೆ.

ಈ ಅಟ್ರೊಪಿನ್ ನಮ್ಮ ದತ್ತೂರಿ ಗಿಡದಲ್ಲೂ ಇದೆ. ದತ್ತೂರಿ ಕಾಯಿ ತಿಂದ ಮಕ್ಕಳ ಬಾಯಿ ಕಟ್ಟಿಗೆಯಂತೆ ಒಣಗಿ, ಪಾಪೆ ಅಗಲವಾಗಿ, ಹುಚ್ಚುಹುಚ್ಚಾಗಿ ಮಾತಾಡುವುದು ಅದಕ್ಕೇ. ವಿಷಕ್ಕೆ ವಿಷ ಅಂತ ಮನೆಯಲ್ಲಿ ಯಾರೂ ದತ್ತೂರಿ ಅರೆಯಲು ಹೋಗಬಾರದು, ಪ್ರಮಾಣ ತಪ್ಪಿದರೆ ಅದೇ ಕೊಲ್ಲುತ್ತದೆ. ಖಾಲಿ ವಿಷದ ಡಬ್ಬಿಯಲ್ಲಿ ಎಣ್ಣೆ, ನೀರು ಇಡುವುದಂತೂ ಬೇಡವೇ ಬೇಡ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡಿಗೆ ಎಣ್ಣೆಯಲ್ಲಿ ಸೇರಿದ್ದು ಇದೇ ಜಾತಿಯ ಮೋನೋಕ್ರೋಟೋಫಾಸ್.

ದನ ಜೊಲ್ಲು ಸುರಿಸುವುದೂ ನಮಗೆ ಹೊಸದಲ್ಲ. ಕಾಲುಬಾಯಿ ಜ್ವರದಲ್ಲಿ ಸುರಿಸುತ್ತದೆ. ಹುಚ್ಚುನಾಯಿ ಕಚ್ಚಿದ ದನವೂ ಸುರಿಸುತ್ತದೆ, ಯಾಕೆಂದರೆ ಅದಕ್ಕೆ ನುಂಗಲು ಆಗುವುದಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಬಾಯೊಳಗೆ ಕೈ ಹಾಕುವವರಿದ್ದಾರೆ. ರೇಬೀಸ್ ವೈರಸ್ ಇರುವುದೇ ಆ ಜೊಲ್ಲಿನಲ್ಲಿ. ಪಶುವೈದ್ಯರು ಬರುವವರೆಗೆ ಕೈ ದೂರ ಇರಲಿ. ಗಾಯಕ್ಕೆ ಜೊಲ್ಲು ತಾಗಿದ್ದರೆ 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅದೇ ದಿನ ಚುಚ್ಚುಮದ್ದಿಗೆ ಹೋಗಬೇಕು. ರೋಗ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು.

ಇನ್ನು ಗ್ರಂಥಿಯೇ ಊದುವ ಎರಡು ಕಾಯಿಲೆ ಹೇಳಿ ಮುಗಿಸುತ್ತೇನೆ, ಹಾಳೆಯೂ ಮುಗಿಯುತ್ತಾ ಬಂತು. ಒಂದು ನಿಮಗೆಲ್ಲಾ ಗೊತ್ತಿರುವ ಮಂಗನಬಾವು, ಕೆಲವು ಕಡೆ ಕೆಪ್ಪಟರಾಯ ಅಂತಾರೆ. ಕಿವಿಯ ಮುಂದಿನ ಗ್ರಂಥಿಗೆ ವೈರಸ್ ತಗಲಿ ಕೆನ್ನೆ ಉಬ್ಬುತ್ತದೆ, ಹುಳಿ ತಿಂದರೆ ಜೀವ ಹೋದಷ್ಟು ನೋವು. ಯಾವ ಲೇಪ ಬಳಿದರೂ ಬಳಿಯದಿದ್ದರೂ ಹೆಚ್ಚಾಗಿ ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಮೆತ್ತನೆಯ ಊಟ, ಬೇಕಾದಷ್ಟು ನೀರು ಸಾಕು. ಕೆಮ್ಮಿದಾಗ, ಎಂಜಲಿನಿಂದ ಹರಡುವುದರಿಂದ ಬಾವು ಕಾಣಿಸಿದ ಮೇಲೆ 5 ದಿನ ಶಾಲೆಗೆ ಬರಬೇಡಿ, ಹಾಜರಿ ನಾನು ನೋಡಿಕೊಳ್ಳುತ್ತೇನೆ. ಹುಡುಗರಿಗೆ ವೃಷಣ ಊದಿದರೆ, ಯಾರಿಗಾದರೂ ವಿಪರೀತ ತಲೆನೋವು ಬಂದರೆ, ಕಿವಿ ಕೇಳಿಸದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಚಿಕೆಯಿಂದ ಮುಚ್ಚಿಡಬೇಡಿ. ಎಂಎಂಆರ್ ಲಸಿಕೆ ಇದನ್ನು ತಡೆಯುತ್ತದೆ.

ಇನ್ನೊಂದು, ಗ್ರಂಥಿಯ ಕಲ್ಲು. ಮೂತ್ರಕೋಶದಲ್ಲಿ ಕಲ್ಲಾಗುವ ಹಾಗೆ ಲಾಲಾರಸದ ಕೊಳವೆಯಲ್ಲೂ ಕ್ಯಾಲ್ಸಿಯಂ ಗಟ್ಟಿಯಾಗಿ ಕಲ್ಲಾಗುತ್ತದೆ. ಬಹುಪಾಲು ದವಡೆಯ ಕೆಳಗಿನ ಗ್ರಂಥಿಯಲ್ಲೇ, ಯಾಕೆಂದರೆ ಅದರ ಕೊಳವೆ ಉದ್ದ, ರಸವೂ ಮಂದ, ಅದು ಮೇಲಕ್ಕೆ ಏರಬೇಕು. ಗುರುತು ಸುಲಭ: ಊಟಕ್ಕೆ ಕೂತ ಕೂಡಲೇ ದವಡೆಯ ಕೆಳಗೆ ಒಂದು ಕಡೆ ಊದಿ ನೋಯುತ್ತದೆ, ಊಟವಾಗಿ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಸಣ್ಣದಿದ್ದರೆ ಚೆನ್ನಾಗಿ ನೀರು ಕುಡಿದು, ಆಗೊಮ್ಮೆ ಈಗೊಮ್ಮೆ ಹುಳಿ ಚೀಪಿ, ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒತ್ತಿದರೆ ತಾನೇ ಹೊರಬೀಳಬಹುದು. ದೊಡ್ಡದಿದ್ದರೆ ವೈದ್ಯರು ನಾಲಿಗೆಯ ಅಡಿಯಲ್ಲಿ ಸಣ್ಣ ಗಾಯ ಮಾಡಿ ತೆಗೆಯುತ್ತಾರೆ. ಅಷ್ಟು ನೋವು ಕೊಟ್ಟ ಆ ಕಲ್ಲು ಎಷ್ಟೋ ಸಲ ಒಂದು ಜೋಳದ ಕಾಳಿನಷ್ಟೂ ಇರುವುದಿಲ್ಲ.